ಪೆನ್ಸಿಲ್ಲಿನಲ್ಲಿ ಬರೆದ ಅಭಿಪ್ರಾಯಗಳು

ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ನಮ್ಮೂರ ಪೇಟೆ ಬೀದಿಯಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಲೈಬ್ರರಿ ಎಂದರೆ ದೊಡ್ಡದೇನಲ್ಲ. ಟೈಲರ್ ಅಂಗಡಿಗೆ ಅಂಟಿಕೊಂಡ ಒಂದು ಗೂಡು. ಮೂರು ಕಡೆಯೂ ಹಲಗೆ, ಹಲಗೆಯ ತುಂಬ ಕಾದಂಬರಿ. ದಿನಕ್ಕೆ ನಾಲ್ಕಾಣೆ ಬಾಡಿಗೆ. ಅಮ್ಮ ಅಂಗಡಿಯ ಮೆಟ್ಟಿಲು ಹತ್ತಿದವಳಲ್ಲ. ಪುಸ್ತಕ ತರುವುದು, ತಿರುಗಿ ಕೊಡುವುದು ನನ್ನ ಕೆಲಸ. "ತ್ರಿವೇಣಿದೋ ಎಂ.ಕೆ. ಇಂದಿರಾದೋ ಸಿಕ್ಕರೆ ತಾ, ಓದಿರೋದು ಮಾತ್ರ ತರಬೇಡ" ಎನ್ನುತ್ತಿದ್ದಳು. ಅಮ್ಮ ಓದಿದ್ದು ಯಾವುದು ಎಂದು ನನಗೆ ಹೇಗೆ ತಿಳಿಯಬೇಕು? ಅದಕ್ಕೂ ಒಂದು ಉಪಾಯ ಮಾಡಿದ್ದಳು. ತಾನು ಓದಿ ಮುಗಿಸಿದ ಪುಸ್ತಕದ ಇಪ್ಪತ್ತೈದನೇ ಪುಟದ ಕೆಳಗೆ ಪೆನ್ಸಿಲ್ಲಿನಲ್ಲಿ ಒಂದು ಚುಕ್ಕೆ. ಅಂಗಡಿಯಲ್ಲಿ ನಿಂತು ಆ ಪುಟ ತೆಗೆದು ನೋಡುವಾಗ ನನಗೆ ಬೇರೆ ಮನೆಯವರ ಗುರುತುಗಳೂ ಕಾಣುತ್ತಿದ್ದವು. ಒಬ್ಬರದು ಗುಣಾಕಾರದ ಚಿಹ್ನೆ, ಒಬ್ಬರದು ಪುಟ್ಟ ಹೂವು. ಊರಿನ ಯಾವ ಯಾವ ಮನೆಯಲ್ಲಿ ಆ ಪುಸ್ತಕ ಉಂಡು ಮಲಗಿ ಬಂದಿದೆ ಎಂಬ ಲೆಕ್ಕ ಅದೊಂದು ಪುಟದಲ್ಲೇ ಇರುತ್ತಿತ್ತು.

ಗುರುತು ಮಾಡಿ ಸುಮ್ಮನಾಗುವವರು ಕೆಲವರು. ಕೊನೆಯ ಪುಟದ ಖಾಲಿ ಜಾಗದಲ್ಲಿ ಎರಡು ಮಾತು ಬರೆಯದಿದ್ದರೆ ಸಮಾಧಾನವಾಗದವರು ಇನ್ನು ಕೆಲವರು. "ತುಂಬಾ ಚೆನ್ನಾಗಿದೆ." "ಸಮಯ ಹಾಳು." "ಮಧ್ಯದ ನಾಲ್ಕು ಹಾಳೆ ಇಲ್ಲ, ಆದರೂ ಅರ್ಥವಾಗುತ್ತೆ." ನನಗೆ ಇಂದಿಗೂ ನೆನಪಿರುವುದು ತ್ರಿವೇಣಿಯವರ 'ಶರಪಂಜರ'ದ ಕೊನೆಯ ಪುಟ. ಬಾಣಂತಿತನದಲ್ಲಿ ಬುದ್ಧಿ ಕದಡಿ, ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಮನೆಯವರೂ ಊರವರೂ ಗುಣವಾದವಳೆಂದು ಒಪ್ಪದೆ ಮತ್ತೆ ಹುಚ್ಚಿಗೆ ತಳ್ಳುವ ಕಥೆ ಅದು. 1971ರಲ್ಲಿ ಪುಟ್ಟಣ್ಣ ಕಣಗಾಲರು ಸಿನಿಮಾ ಮಾಡಿದ ಮೇಲೆ ಆ ಪುಸ್ತಕಕ್ಕೆ ವರ್ಷಗಟ್ಟಲೆ ಬೇಡಿಕೆ ಇತ್ತು. ಕೊನೆಯ ಪುಟದಲ್ಲಿ ಯಾರೋ ದುಂಡು ಅಕ್ಷರದಲ್ಲಿ, "ಹುಚ್ಚು ಅವಳಿಗಲ್ಲ, ಆ ಮನೆಯವರಿಗೆ" ಎಂದು ಬರೆದಿದ್ದರು. ಅದರ ಕೆಳಗೆ ಇನ್ನೊಂದು ಕೈ, ಒತ್ತಿ ಒತ್ತಿ, "ನಿಮ್ಮ ಮನೆಯಲ್ಲಿ ಅಂಥವರು ಇದ್ದಿದ್ದರೆ ತಿಳಿಯುತ್ತಿತ್ತು" ಎಂದು ಬರೆದಿತ್ತು. ಹೆಸರಿಲ್ಲ, ಊರಿಲ್ಲ. ಎರಡನೆಯ ಮಾತು ಬರೆದ ಹೆಂಗಸು ಯಾರಿರಬಹುದು, ಅವರ ಮನೆಯಲ್ಲಿ ಯಾರಿಗೆ ಏನಾಗಿತ್ತು ಎಂದು ನಾನು ಎಷ್ಟೋ ದಿನ ಯೋಚಿಸಿದ್ದೇನೆ. ಕಾದಂಬರಿಯನ್ನು ಎರಡನೆಯ ಸಲ ಓದಿದ್ದೂ ಆ ಒಂದು ಸಾಲಿನ ದೆಸೆಯಿಂದಲೇ.

ಈಗ ಆ ಗೂಡಂಗಡಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಪುಸ್ತಕದ ಬಗ್ಗೆ ಎರಡು ಮಾತು ಬರೆಯುವ ಹೆಂಗಸರು ಮಾತ್ರ ಎಲ್ಲಿಗೂ ಹೋಗಿಲ್ಲ. ಬರೆಯುವ ಜಾಗವಷ್ಟೇ ಬದಲಾಗಿದೆ. ನಮ್ಮೂರಿನದೂ ಸುತ್ತಲ ಎರಡು ಮೂರು ತಾಲ್ಲೂಕಿನದೂ ಸೇರಿ ನಲವತ್ತು ಚಿಲ್ಲರೆ ಹೆಂಗಸರ ಒಂದು ವಾಟ್ಸ್ಆ್ಯಪ್ ಗುಂಪು ಇದೆ. ನಾನೂ ಅದರಲ್ಲಿದ್ದೇನೆ. ವಾರಕ್ಕೊಬ್ಬರು ತಾವು ಓದಿದ ಪುಸ್ತಕದ ವಿಷಯ ಬರೆಯಬೇಕು, ಉಳಿದವರು ಅದರ ಮೇಲೆ ಮಾತಾಡಬೇಕು. ಬ್ಯಾಂಕಿನವರಿದ್ದಾರೆ, ಅಂಗನವಾಡಿಯವರಿದ್ದಾರೆ, ಮೊಮ್ಮಗುವನ್ನು ನೋಡಿಕೊಳ್ಳಲು ಮಗನ ಊರಿಗೆ ಹೋಗಿ ಅಲ್ಲಿಂದಲೇ ಬರೆಯುವವರಿದ್ದಾರೆ. ನಮ್ಮಂಥ ಊರುಗಳಲ್ಲಿ ಪಠ್ಯಪುಸ್ತಕ, ಗೈಡು ಬಿಟ್ಟು ಬೇರೆ ಪುಸ್ತಕ ಇಡುವ ಅಂಗಡಿಯೇ ಅಪರೂಪ. ಯಾವ ಪುಸ್ತಕ ಬಂದಿದೆ, ಯಾವುದು ಓದುವಂತಿದೆ ಎಂದು ಹೇಳುವವರು ಬೇಕಲ್ಲ? ಈ ಗುಂಪು ಆ ಕೆಲಸ ಮಾಡುತ್ತಿದೆ. ಇದರಿಂದ ನಾನು ಓದಿದ ಪುಸ್ತಕಗಳು ಹತ್ತಿಪ್ಪತ್ತಾದರೂ ಇವೆ. ಉಪಕಾರ ಮರೆಯಬಾರದು.

ಉಪಕಾರ ಮರೆಯದೆಯೇ ಎರಡು ಕೊರತೆಗಳನ್ನು ಹೇಳಬೇಕು. ಮೂರನೆಯದು ನನ್ನದೇ ತಪ್ಪು. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲನೆಯದು ಸಿಹಿ. ಅಡುಗೆಗೆಲ್ಲ ಬೆಲ್ಲ ಸುರಿದ ಹಾಗೆ. "ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಗುತ್ತದೆ." "ಮನಸ್ಸಿಗೆ ಮುಟ್ಟುವಂತಿದೆ." "ಪಾತ್ರಗಳು ಕಣ್ಣಿಗೆ ಕಟ್ಟುತ್ತವೆ." "ಪ್ರತಿಯೊಬ್ಬರೂ ಓದಲೇಬೇಕಾದ ಕೃತಿ." ನಾನೊಮ್ಮೆ ಒಂದು ಪರೀಕ್ಷೆ ಮಾಡಿದೆ. ಹೀಗೆ ಬಂದ ನಾಲ್ಕು ಬರಹಗಳಲ್ಲಿ ಪುಸ್ತಕದ ಹೆಸರನ್ನೂ ಲೇಖಕರ ಹೆಸರನ್ನೂ ಅದಲು ಬದಲು ಮಾಡಿ ಓದಿ ನೋಡಿದೆ. ಏನೂ ವ್ಯತ್ಯಾಸವಾಗಲಿಲ್ಲ! ಒಬ್ಬರ ಅಳತೆಗೆ ಹೊಲಿದ ರವಿಕೆ ಊರಿಗೆಲ್ಲ ಸರಿಹೋಯಿತು ಎಂದರೆ ಹೊಲಿದವರು ಅಳತೆ ತೆಗೆದುಕೊಂಡಿಲ್ಲ ಎಂದೇ ಅರ್ಥ.

ಇದಕ್ಕೆ ಕಾರಣ ದಾಕ್ಷಿಣ್ಯ. ಬರೆದವರು ನಮ್ಮ ಜಿಲ್ಲೆಯವರಾಗಿರುತ್ತಾರೆ, ಕೆಲವು ಸಲ ಗುಂಪಿನಲ್ಲೇ ಇರುತ್ತಾರೆ. ನಾಳೆ ಮದುವೆ ಮನೆಯಲ್ಲಿ ಎದುರಾಗುತ್ತಾರೆ. "ನಿಮ್ಮ ಕಾದಂಬರಿಯ ಮೊದಲ ಐವತ್ತು ಪುಟ ಬೇಕಿರಲಿಲ್ಲ" ಎಂದು ಹೇಳಿ, ಅದೇ ಪಂಕ್ತಿಯಲ್ಲಿ ಎದುರು ಬದುರು ಕೂತು ಊಟ ಮಾಡುವುದು ಹೇಗೆ? ಹೆಂಗಸರಾದ ನಮಗೆ ಇದು ಇನ್ನೂ ಕಷ್ಟ. ಯಾರ ಮನೆಯಲ್ಲಿ ಏನು ತಿಂದರೂ "ಚೆನ್ನಾಗಿತ್ತು" ಎಂದೇ ಎದ್ದು ಬರಬೇಕೆಂದು ಚಿಕ್ಕಂದಿನಿಂದ ಕಲಿಸಿದ್ದಾರೆ. ಆ ನಾಲಿಗೆ ಪುಸ್ತಕದ ಮುಂದೆಯೂ ಹಾಗೇ ಆಡುತ್ತದೆ. ಸರ್ಕ್ಯುಲೇಟಿಂಗ್ ಲೈಬ್ರರಿಯ ಪೆನ್ಸಿಲ್ಲಿಗೆ ಈ ತೊಂದರೆ ಇರಲಿಲ್ಲ. ಅದಕ್ಕೆ ಹೆಸರೇ ಇರಲಿಲ್ಲವಲ್ಲ!

ಹಾಗೆಂದು ಹೆಸರಿಲ್ಲದವರ ಮಾತೆಲ್ಲ ನಿಜವೆಂದೂ ಹೇಳಲಾರೆ. ಎರಡನೆಯ ಕೊರತೆ ಅದೇ. ಗುಡ್‌ರೀಡ್ಸ್ ಎಂಬ ಜಾಲತಾಣ ಅಮೆರಿಕದಲ್ಲಿ 2007ರಲ್ಲಿ ಶುರುವಾಯಿತು. 2013ರಲ್ಲಿ ಅದನ್ನು ಅಮೆಜಾನ್ ಕಂಪನಿ ಕೊಂಡಿತು. ಲೋಕದ ಯಾವ ಮೂಲೆಯ ಓದುಗರೂ ಅಲ್ಲಿ ಪುಸ್ತಕಕ್ಕೆ ಒಂದರಿಂದ ಐದರವರೆಗೆ ನಕ್ಷತ್ರ ಕೊಡಬಹುದು, ಅಭಿಪ್ರಾಯ ಬರೆಯಬಹುದು. ನಮ್ಮ ಭೈರಪ್ಪ, ಕಾರಂತ, ತೇಜಸ್ವಿಯವರ ಪುಸ್ತಕಗಳಿಗೂ ಅಲ್ಲಿ ನಕ್ಷತ್ರಗಳಿವೆ. ನನ್ನ ಮಗಳು ತೋರಿಸಿದಾಗ ಮೊದಲು ಸಂತೋಷವೇ ಆಯಿತು. ಆಮೇಲೆ 2023ರ ಜೂನ್ ತಿಂಗಳಲ್ಲಿ ನಡೆದ ಒಂದು ಸಂಗತಿ ತಿಳಿಯಿತು. ಎಲಿಜಬೆತ್ ಗಿಲ್ಬರ್ಟ್ ಎಂಬ ಅಮೆರಿಕದ ಲೇಖಕಿ ತಮ್ಮ ಹೊಸ ಕಾದಂಬರಿ ಬರಲಿದೆ ಎಂದು ಪ್ರಕಟಿಸಿದರು. ಕಥೆ ನಡೆಯುವುದು ರಷ್ಯದ ಸೈಬೀರಿಯದಲ್ಲಿ. ಉಕ್ರೇನಿನ ಮೇಲೆ ರಷ್ಯ ಯುದ್ಧ ನಡೆಸುತ್ತಿರುವಾಗ ಇಂಥ ಪುಸ್ತಕವೇ ಎಂದು ಸಿಟ್ಟಾದ ನೂರಾರು ಮಂದಿ ಗುಡ್‌ರೀಡ್ಸ್‌ನಲ್ಲಿ ಅದಕ್ಕೆ ಒಂದೊಂದೇ ನಕ್ಷತ್ರ ಕೊಟ್ಟರು. ಪುಸ್ತಕ ಇನ್ನೂ ಅಚ್ಚಾಗಿರಲಿಲ್ಲ. ಒಂದು ಪುಟವನ್ನೂ ಓದದೆ ಅಂಕ ಹಾಕಿದರು! ಲೇಖಕಿ ಪುಸ್ತಕವನ್ನು ತಡೆಹಿಡಿದರು. ಸಿಟ್ಟಾದವರ ನೋವು ದೊಡ್ಡದಿತ್ತು, ಒಪ್ಪುತ್ತೇನೆ. ಅದನ್ನು ಹೇಳಿಕೊಳ್ಳಲು ಓದುಗರ ಹೆಸರಿನ ಕಟ್ಟೆ ಹತ್ತಿದ್ದು ಸರಿಯೇ? ಉತ್ತರ ಪತ್ರಿಕೆ ತೆರೆಯದೆ ಅಂಕ ಹಾಕಿದ ಮೇಷ್ಟರನ್ನು ಯಾವ ಊರೂ ಮೇಷ್ಟರೆನ್ನುವುದಿಲ್ಲ.

ದೂರದ ಅಮೆರಿಕವೇಕೆ, ನಮ್ಮನ್ನೇ ನೋಡಿಕೊಳ್ಳೋಣ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ ಅಂತಾರಾಷ್ಟ್ರೀಯ ಬೂಕರ್ ಬಂತು. ಇಂಗ್ಲಿಷಿಗೆ ತಂದವರು ದೀಪಾ ಭಾಸ್ತಿ. ಕನ್ನಡಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆ ದಿನ ನಮ್ಮ ಗುಂಪಿನಲ್ಲಿ ಹೂಗುಚ್ಛಗಳ ಸುರಿಮಳೆ. "ಅದ್ಭುತ ಕಥೆಗಾರ್ತಿ", "ಕನ್ನಡದ ಹೆಮ್ಮೆ". ಒಬ್ಬರು ಮಾತ್ರ, "ಅವರ ಯಾವ ಕಥೆ ಯಾರು ಓದಿದ್ದೀರಿ, ನನಗೆ ಒಂದು ಹೇಳಿ" ಎಂದು ಕೇಳಿದರು. ಸಂಜೆಯವರೆಗೂ ಉತ್ತರವಿಲ್ಲ. ನಾನೂ ಹೂಗುಚ್ಛ ಹಾಕಿದವರಲ್ಲಿ ಒಬ್ಬಳು. ನಾನೂ ಸುಮ್ಮನಿದ್ದೆ. ನಕ್ಷತ್ರ ಒಂದಿರಲಿ, ಐದಿರಲಿ, ಓದದೆ ಕೊಟ್ಟದ್ದು ಓದದೆ ಕೊಟ್ಟದ್ದೇ. ಆಮೇಲೆ ನಾಚಿಕೆಯಾಗಿ ಅವರ ಕಥೆಗಳನ್ನು ತರಿಸಿ ಓದಿದೆವು, ಅದು ಬೇರೆ ಮಾತು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ನಮ್ಮ ಗುಂಪಿನಲ್ಲಿ ನಮ್ಮ ಬೀದಿಯ ಹಿಟ್ಟಿನ ಗಿರಣಿಯವರ ಮನೆಯಾಕೆ ಇದ್ದಾರೆ. ನನಗಿಂತ ಹಿರಿಯರು. ಎಸ್.ಎಸ್.ಎಲ್.ಸಿ. ಮುಗಿಯುತ್ತಲೇ ಮದುವೆಯಾಗಿ ಬಂದವರು. ಅವರ ಮಗ ನನ್ನ ಹತ್ತಿರವೇ ಓದಿದ. ಅವರ ಸರದಿ ಬಂದಾಗ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕುರಿತು ಬರೆದರು. 1976ರಲ್ಲಿ ಬಂದ ಕಾದಂಬರಿ, ನಿಮ್ಮಲ್ಲಿ ಬಹಳ ಮಂದಿ ಓದಿಯೇ ಇರುತ್ತೀರಿ. ಬಾಲ್ಯದಲ್ಲೇ ಮದುವೆಯಾಗಿ, ಬಾಲ್ಯದಲ್ಲೇ ವಿಧವೆಯಾಗಿ, ತಲೆ ಬೋಳಿಸಿಕೊಂಡು, ಮಡಿಯಲ್ಲಿ ನೂರು ದಾಟಿ ಬದುಕಿದ ಮಲೆನಾಡಿನ ಒಬ್ಬ ಹೆಣ್ಣುಮಗಳ ಕಥೆ. ಬರೆದ ಇಂದಿರಾ ಹೆಚ್ಚು ಶಾಲೆ ಕಲಿತವರಲ್ಲ, ನಲವತ್ತು ದಾಟಿದ ಮೇಲೆ ಕಾದಂಬರಿ ಬರೆಯಲು ತೊಡಗಿದವರು. ಮೊದಲ ಕಾದಂಬರಿ 'ತುಂಗಭದ್ರಾ' ಬಂದದ್ದು 1963ರಲ್ಲಿ.

ಗಿರಣಿಯವರ ಮನೆಯಾಕೆ ಬರೆದದ್ದರಲ್ಲಿ ಮುಕ್ಕಾಲು ಪಾಲು ಅವರ ತವರೂರಿನ ನೆನಪು. ಅಲ್ಲಿ ಶಾನುಭೋಗರ ಮನೆಯಲ್ಲಿ ಕೆಂಪು ಸೀರೆ ಉಟ್ಟ ಒಬ್ಬ ಅಜ್ಜಿ ಇದ್ದರಂತೆ. ಬೀದಿಯ ಮಕ್ಕಳಿಗೆಲ್ಲ ಚಕ್ಕುಲಿ ಕೊಡುತ್ತಿದ್ದರಂತೆ. ಆದರೆ ಕೈಗೆ ಕೊಡುತ್ತಿರಲಿಲ್ಲ, ಜಗಲಿಯ ಮೇಲಿನಿಂದ ಅಂಗೈಗೆ ಹಾಕುತ್ತಿದ್ದರಂತೆ. "ಚಕ್ಕುಲಿ ಕೆಳಗೆ ಬಿದ್ದರೆ ಅವರಿಗೂ ಬೇಜಾರಾಗುತ್ತಿತ್ತು, ನಮಗೂ ಬೇಜಾರಾಗುತ್ತಿತ್ತು" ಎಂದು ಬರೆದಿದ್ದರು. ಕೊನೆಯಲ್ಲಿ ಎರಡೇ ಸಾಲು ಪುಸ್ತಕದ ಬಗ್ಗೆ: "ಫಣಿಯಮ್ಮ ಒಂದು ಹೊತ್ತು ಉಂಡು ಯಾರ ಹಂಗಿಗೂ ಬೀಳದೆ ಇದ್ದಳು. ಅದಕ್ಕೇ ಆ ಚಿಕ್ಕ ಹುಡುಗಿಯ ಪರ ಮಾತಾಡೋ ಧೈರ್ಯ ಬಂತು ಅಂತ ನನಗೆ ಅನ್ನಿಸುತ್ತೆ."

ನಾನು ಏನು ಮಾಡಿದೆ ಗೊತ್ತೆ? ಎರಡು ಕಾಗುಣಿತದ ತಪ್ಪು ತಿದ್ದಿದೆ. ಆಮೇಲೆ ಬರೆದೆ: "ಇದು ನೆನಪಾಯಿತು, ವಿಮರ್ಶೆಯಾಗಲಿಲ್ಲ. ಕೃತಿಯ ವಸ್ತು, ಪಾತ್ರಚಿತ್ರಣ, ಭಾಷೆ, ಶೈಲಿ ಇವುಗಳನ್ನು ಕುರಿತು ಬರೆದರೆ ಎಲ್ಲರಿಗೂ ಉಪಯೋಗ." ಹತ್ತಾರು ಜನ ಹೆಬ್ಬೆರಳು ಎತ್ತಿ ಮೆಚ್ಚಿದರು. ಅವರು, "ಸರಿ ಟೀಚರ್" ಎಂದು ಬರೆದರು. ಆಮೇಲೆ ಐದು ತಿಂಗಳು ಆಕೆ ಒಂದಕ್ಷರ ಬರೆಯಲಿಲ್ಲ. ಬರೆಯಲಿಲ್ಲ ಎಂಬುದನ್ನು ನಾನು ಗಮನಿಸಲೂ ಇಲ್ಲ. ಕ್ಲಾಸಿನಲ್ಲಿ ಕೈ ಎತ್ತದ ಹುಡುಗಿಯರು ನಮ್ಮ ಲೆಕ್ಕಕ್ಕೆ ಎಲ್ಲಿ ಬರುತ್ತಾರೆ?

ಒಂದು ದಿನ ಗುಂಪಿಗೆ ಹೊಸದಾಗಿ ಸೇರಿದ ಕಾಲೇಜು ಹುಡುಗಿಯೊಬ್ಬಳು ಅದೇ ಪುಸ್ತಕ ಓದಿ ಕೇಳಿದಳು: "ಫಣಿಯಮ್ಮ ತನಗಾದ ಅನ್ಯಾಯವನ್ನು ಯಾಕೆ ಎದುರಿಸಲಿಲ್ಲ? ಅವಳು ಸೋತವಳಲ್ಲವೇ? ಇಂಥವಳನ್ನು ನಾವು ಯಾಕೆ ಹೊಗಳಬೇಕು?" ಪ್ರಶ್ನೆ ಚೆನ್ನಾಗಿತ್ತು. ಟೀಚರಾದ ನಾನು ಉತ್ತರ ಬರೆಯಲು ಕೂತೆ. ಫಣಿಯಮ್ಮ ತನ್ನ ಪಾಲಿಗೆ ಬಂದದ್ದನ್ನು ಸಹಿಸಿದಳು, ನಿಜ. ಆದರೆ ದಾಕ್ಷಾಯಿಣಿ ಎಂಬ ಚಿಕ್ಕ ವಯಸ್ಸಿನ ವಿಧವೆ ತಲೆ ಬೋಳಿಸಿಕೊಳ್ಳಲಾರೆ ಎಂದು ಹಟ ಹಿಡಿದಾಗ, ಆ ಮುದುಕಿ ಹುಡುಗಿಯ ಪರ ನಿಲ್ಲುತ್ತಾಳೆ. ದಲಿತ ಹೆಣ್ಣುಮಗಳೊಬ್ಬಳು ಹೆರಿಗೆಯಲ್ಲಿ ಸಾಯುವಂತಾದಾಗ ಮಡಿಯನ್ನು ಬದಿಗಿಟ್ಟು ಹೋಗಿ ಹೆರಿಗೆ ಮಾಡಿಸುತ್ತಾಳೆ. ಆ ಧೈರ್ಯ ಎಲ್ಲಿಂದ ಬಂತು? ಬರೆಯುತ್ತಾ ಹೋದೆ: ಯಾರಿಂದಲೂ ಏನನ್ನೂ ಬೇಡದೆ ಬದುಕಿದ್ದರಿಂದ, ಒಂದು ಹೊತ್ತಿನ ಊಟಕ್ಕೂ ಯಾರ ಹಂಗಿಗೂ...

ಅಲ್ಲಿ ನನ್ನ ಬೆರಳು ನಿಂತಿತು. ಇದು ನನ್ನ ಮಾತಲ್ಲ. ಐದು ತಿಂಗಳ ಹಿಂದೆ ನಾನೇ ಕೆಂಪು ಗೆರೆ ಎಳೆದ ಮಾತು.

ಪುಸ್ತಕವನ್ನು ನಾನು ನಾಲ್ಕು ಸಲ ಓದಿದ್ದೇನೆ. ಅನ್ಯಾಯ, ಸಹನೆ, ಕರುಣೆ ಎಂಬ ಪದಗಳು ನನಗೆ ಸಿಕ್ಕಿದ್ದವು. ಹಂಗು ಎಂಬ ಪದ ಸಿಕ್ಕಿರಲಿಲ್ಲ. ತಿಂಗಳ ಸಂಬಳ ಕೈಗೆ ಬರುವ ನನಗೆ ಅದು ಸಿಕ್ಕುವುದಾದರೂ ಹೇಗೆ? ಮೂವತ್ತೈದು ವರ್ಷ ಒಂದು ಮನೆಯಲ್ಲಿ ದುಡಿದೂ, ಕೈಗೆ ಹತ್ತು ರೂಪಾಯಿ ಬೇಕಾದರೆ ಗಲ್ಲಾಪೆಟ್ಟಿಗೆಯ ಕಡೆ ನೋಡಬೇಕಾದವರಿಗೆ ಅದು ಮೊದಲ ಓದಿಗೇ ಕಂಡಿತ್ತು. ಶಾನುಭೋಗರ ಮನೆಯ ಅಜ್ಜಿಯ ನೆನಪು ಬೇಡದ ಮಾತು ಎಂದುಕೊಂಡಿದ್ದೆ. ಆಕೆ ಆ ನೆನಪಿನ ಜಗಲಿಯ ಕೆಳಗೆ ಅಂಗೈ ಒಡ್ಡಿಕೊಂಡು ನಿಂತೇ ಫಣಿಯಮ್ಮನನ್ನು ಓದಿದ್ದರು. ಅಲ್ಲಿಂದ ಅಜ್ಜಿಯ ಪ್ರೀತಿಯೂ ಕಾಣುತ್ತದೆ, ಕೈಗೆ ಕೈ ತಾಗದ ಅಂತರವೂ ಕಾಣುತ್ತದೆ. ಮನೆಯೊಳಗಿನಿಂದ ಓದುವ ನನಗೆ ಆ ಅಂತರ ಕಂಡಿರಲಿಲ್ಲ.

ಮರುದಿನ ಗೋಧಿ ಬೀಸಿಸುವ ನೆಪ ಮಾಡಿಕೊಂಡು ಹೋದೆ.

"ಬನ್ನಿ ಟೀಚರ್, ಹುಡುಗನ ಕೈಲಿ ಕಳಿಸಿದ್ದರೆ ಆಗುತ್ತಿತ್ತಲ್ಲ" ಎಂದರು.

"ನೀವು ಬರೆಯೋದೇ ಬಿಟ್ಟಿರಿ. ನನ್ನಿಂದ ತಪ್ಪಾಯಿತು" ಎಂದೆ.

ಅವರು ನಕ್ಕರು. "ಬರೆಯೋದು ಬಿಟ್ಟೆ, ಓದೋದೇನೂ ಬಿಟ್ಟಿಲ್ಲ. ಆದರೆ ಟೀಚರ್, ನೀವು ವಸ್ತು, ಶೈಲಿ ಅಂತೆಲ್ಲ ಹೇಳಿದಿರಲ್ಲ, ಅದನ್ನ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ. ಆಮೇಲೆ ಯಾವ ಪುಸ್ತಕ ತೆಗೆದರೂ ಇದರಲ್ಲಿ ಶೈಲಿ ಎಲ್ಲಿದೆ ಅಂತ ಹುಡುಕೋದೇ ಆಯಿತು. ಕಥೆ ತಲೆಗೆ ಹತ್ತಲೇ ಇಲ್ಲ. ಆಮೇಲೆ ಆ ಚೀಟಿ ಬಿಸಾಕಿದೆ ನೋಡಿ, ಮತ್ತೆ ಓದೋಕಾಯಿತು."

ಗಿರಣಿಯ ಸದ್ದಿನಲ್ಲಿ ಆ ಮಾತು ಅರ್ಧ ಕೇಳಿತು, ಅರ್ಧ ತುಟಿ ನೋಡಿ ತಿಳಿದೆ. ಮನೆಗೆ ಬಂದರೂ ಆ ಚೀಟಿಯೇ ಕಣ್ಣ ಮುಂದೆ. ಅಂಥ ಚೀಟಿಗಳನ್ನು ನಾನು ಮೂವತ್ತು ವರ್ಷದಿಂದ ಹಂಚುತ್ತಾ ಬಂದಿದ್ದೇನಲ್ಲ!

ನಮ್ಮ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ 'ಸಂದರ್ಭ ಸಹಿತ ಸ್ವಾರಸ್ಯ ಬರೆಯಿರಿ' ಎಂಬ ಪ್ರಶ್ನೆ ನಿಮಗೆಲ್ಲ ನೆನಪಿರಬೇಕು. ಒಂದು ಸಾಲು ಕೊಡುತ್ತೇವೆ. ಯಾವ ಪಾಠದ್ದು, ಬರೆದವರು ಯಾರು ಎಂಬ ಆಯ್ಕೆ ಬರೆದು, ಯಾರು ಯಾರಿಗೆ ಹೇಳಿದ್ದು ಎಂಬ ಸಂದರ್ಭ ಬರೆದು, ಕೊನೆಗೆ ಸ್ವಾರಸ್ಯ ಬರೆಯಬೇಕು. ಮಕ್ಕಳು ಆಯ್ಕೆ, ಸಂದರ್ಭಗಳನ್ನು ಬಾಯಿಪಾಠ ಮಾಡಿ ಬರೆಯುತ್ತಾರೆ. ಸ್ವಾರಸ್ಯದ ಕೆಳಗೆ ಮಾತ್ರ ಎಲ್ಲರದೂ ಒಂದೇ ವಾಕ್ಯ: "ಈ ಮಾತು ಬಹಳ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ." ನಾವೂ ಅದಕ್ಕೆ ಅಂಕ ಕೊಟ್ಟು ಮುಂದಿನ ಪುಟಕ್ಕೆ ಹೋಗುತ್ತೇವೆ. ಹಾಗೆ ಅಂಕ ಪಡೆದ ಹುಡುಗಿಯರೇ ಬೆಳೆದು, ಗುಂಪಿನಲ್ಲಿ "ಮನಸ್ಸಿಗೆ ಮುಟ್ಟುವಂತಿದೆ" ಎಂದು ಬರೆಯುತ್ತಾರೆ. ಅವರನ್ನು ಆಡಿಕೊಳ್ಳಲು ನನಗೆ ಏನು ಹಕ್ಕಿದೆ? ಬಿತ್ತಿದ್ದನ್ನೇ ಬೆಳೆದಿದ್ದೇವೆ.

ಪಂಡಿತರ ವಿಮರ್ಶೆ ಬೇಡವೆಂದು ನಾನು ಹೇಳುವುದಿಲ್ಲ. ಕುರ್ತಕೋಟಿ, ಆಮೂರರಂಥವರು ಒಂದು ಕೃತಿಯನ್ನು ಇಡೀ ಸಾಹಿತ್ಯದ ನಡುವೆ ಇಟ್ಟು ನೋಡುತ್ತಾರೆ. ಅದಕ್ಕೆ ಒಂದು ಜನ್ಮದ ಓದು ಬೇಕು, ನಮ್ಮಿಂದಾಗದು. ಆದರೆ ನಮ್ಮಿಂದ ಆಗುವುದೂ ಒಂದಿದೆ. 'ಹೆಂಗಸರ ಕಾದಂಬರಿ' ಎಂದು ಪಂಡಿತರಲ್ಲಿ ಕೆಲವರು ಹಗುರವಾಗಿ ಕಂಡ ಕಾಲದಲ್ಲೂ ತ್ರಿವೇಣಿಯವರನ್ನು ಕೈಬಿಡದವರು ಅಮ್ಮನಂಥ ಓದುಗರು. ಮೂವತ್ತೈದು ತುಂಬುವ ಮೊದಲೇ, 1963ರಲ್ಲಿ, ತೀರಿಕೊಂಡ ಆ ಲೇಖಕಿಯ ಪುಸ್ತಕಗಳು ಇಂದಿಗೂ ಮತ್ತೆ ಮತ್ತೆ ಅಚ್ಚಾಗುತ್ತಿವೆ ಎಂದರೆ ಇಪ್ಪತ್ತೈದನೇ ಪುಟದ ಆ ಚುಕ್ಕೆಗಳ ಪಾಲೂ ಅದರಲ್ಲಿದೆ.

ಹಾಗಾದರೆ ನೆನಪೆಲ್ಲ ವಿಮರ್ಶೆಯೇ? ಅಲ್ಲ. ಇದನ್ನೂ ಖಂಡಿತವಾಗಿ ಹೇಳಬೇಕು. ಪುಸ್ತಕದ ಹೆಸರು ಹೇಳಿ, ತಮ್ಮ ಮಗಳ ಮದುವೆಯ ಕಥೆಯನ್ನೇ ಬರೆದು ಮುಗಿಸಿದವರೂ ನಮ್ಮ ಗುಂಪಿನಲ್ಲಿದ್ದಾರೆ. ನೆನಪು ಪುಸ್ತಕದಿಂದ ಹೊರಟು ಹೋಗಿಬಿಟ್ಟರೆ ಅದು ಹರಟೆ. ಹೊರಗೆ ಹೋಗಿ, ಏನಾದರೂ ಹೊತ್ತುಕೊಂಡು ಮತ್ತೆ ಪುಸ್ತಕದೊಳಕ್ಕೆ ಬಂದರೆ ಅದು ವಿಮರ್ಶೆ. ಗಿರಣಿಯ ಮನೆಯಾಕೆ ಎರಡೇ ಸಾಲಿನಲ್ಲಿ ಹಾಗೆ ಬಂದಿದ್ದರು. ಆ ಎರಡು ಸಾಲಿಗೆ ಬರುವಷ್ಟರಲ್ಲಿ ನನ್ನ ತಾಳ್ಮೆ ಮುಗಿದಿತ್ತು, ಅಷ್ಟೇ.

ಗುಂಪಿನಲ್ಲಿ ಈಗ ನಾನು ಕೇಳುವುದು ಮೂರೇ ಮಾತು. ಯಾವ ಪುಟದಲ್ಲಿ ನಿಂತಿರಿ? ಅಲ್ಲಿ ಯಾಕೆ ನಿಂತಿರಿ? ಬರೆದವರ ಯಾವ ಮಾತನ್ನು ನೀವು ಒಪ್ಪಲಿಲ್ಲ? ಮೂರನೆಯದಕ್ಕೆ ಉತ್ತರಿಸಲು ಎಲ್ಲರಿಗೂ ಕಷ್ಟ. ದಾಕ್ಷಿಣ್ಯ ಒಂದೇ ದಿನಕ್ಕೆ ಹೋಗುವಂಥದ್ದಲ್ಲ. ಆದರೂ ಒಬ್ಬಿಬ್ಬರು ಶುರು ಮಾಡಿದ್ದಾರೆ. ಲೇಖಕಿಯೊಬ್ಬರು ಬೇಸರ ಮಾಡಿಕೊಂಡು ಗುಂಪು ಬಿಟ್ಟು ಹೋದರು. ಇನ್ನೊಬ್ಬರು, "ಇಷ್ಟು ಗಮನ ಕೊಟ್ಟು ನನ್ನ ಪುಸ್ತಕ ಓದಿದವರು ನೀವೇ ಮೊದಲು" ಎಂದು ಬರೆದರು. ಎರಡೂ ನಡೆದಿದೆ.

ಗಿರಣಿಯವರ ಮನೆಯಾಕೆಯೂ ಮತ್ತೆ ಬರೆಯುತ್ತಿದ್ದಾರೆ. ಕಳೆದ ತಿಂಗಳು ನಾನು ಒಂದು ಹೊಸ ಕಾದಂಬರಿಯನ್ನು ಬಹಳ ಮೆಚ್ಚಿ ಬರೆದಿದ್ದೆ. ದೊಡ್ಡ ಕೂಡುಕುಟುಂಬದ ಕಥೆ, ಮುನ್ನೂರು ಪುಟ. ಹದಿನೈದು ದಿನ ಬಿಟ್ಟು ಅವರಿಂದ ಉತ್ತರ ಬಂತು: "ಟೀಚರ್ ಹೊಗಳಿದ್ದಾರೆ ಅಂತ ತರಿಸಿ ಓದಿದೆ. ಆ ಮನೆಯಲ್ಲಿ ಇಪ್ಪತ್ತು ಜನ ಇದ್ದಾರೆ. ಪುಸ್ತಕದ ತುಂಬ ಊಟ ಮಾಡುತ್ತಾರೆ. ಯಾರೂ ಒಂದು ದಿನವೂ ಅಡುಗೆ ಮಾಡಲಿಲ್ಲ."

ಪುಸ್ತಕ ತೆಗೆದು ಮತ್ತೆ ನೋಡಿದೆ. ಅವರು ಹೇಳಿದ್ದು ನಿಜ. ಆ ಬರಹದಲ್ಲಿ ಎರಡು ಕಾಗುಣಿತದ ತಪ್ಪಿದ್ದವು. ತಿದ್ದಲು ಹೋಗಲಿಲ್ಲ.